ಮನೆವಾರ್ತೆಯ ನಗೆ: ಲೇಖಕಿಯರ ಹಾಸ್ಯಬರಹದ ಸಾಮಾಜಿಕ ನೆಲೆ

ಕನ್ನಡ ಹಾಸ್ಯಸಾಹಿತ್ಯದ ಚರ್ಚೆಯಲ್ಲಿ ಮನೆವಾರ್ತೆಯನ್ನು ಕುರಿತ ನಗೆಬರಹಗಳಿಗೆ ದೊರೆತ ಸ್ಥಾನ ಗೌಣವಾದುದು. ಅಡುಗೆ, ಅತಿಥಿ, ಮಕ್ಕಳ ರಂಪಾಟಗಳು ಲಘುವಸ್ತುಗಳೆಂಬ ಪೂರ್ವಗ್ರಹ ಇದಕ್ಕೆ ಕಾರಣ. ಆದರೆ ಇಂತಹ ಬರಹಗಳನ್ನು ರಚಿಸಿದ ಲೇಖಕಿಯರ ಬದುಕನ್ನು ಪರಿಶೀಲಿಸಿದರೆ, ಅವರ ಹಾಸ್ಯಕ್ಕೂ ಸಾರ್ವಜನಿಕ ಕಾಳಜಿಗೂ ನಿಕಟ ಸಂಬಂಧವಿರುವುದು ಕಂಡುಬರುತ್ತದೆ.

ಗೃಹಜೀವನದ ಹಾಸ್ಯ ಅಂಕಣಕ್ಕೆ ಪ್ರಸಿದ್ಧ ನಿದರ್ಶನ ಅಮೆರಿಕದ ಅರ್ಮಾ ಬೊಂಬೆಕ್ (1927–1996). ಮೂರು ಮಕ್ಕಳ ತಾಯಿಯಾಗಿದ್ದ ಅವರು 1965ರಲ್ಲಿ ಡೇಟನ್ ನಗರದ ಪತ್ರಿಕೆಯೊಂದಕ್ಕೆ ಬರೆಯತೊಡಗಿದ ಅಂಕಣ ಮುಂದೆ ಸುಮಾರು 900 ಪತ್ರಿಕೆಗಳಿಗೆ ವ್ಯಾಪಿಸಿತು. ಗೃಹಿಣಿಯ ಪಾಡನ್ನು ನಗುತ್ತ ಚಿತ್ರಿಸಿದ ಇದೇ ಲೇಖಕಿ, 1970ರ ದಶಕದ ಕೊನೆಯಲ್ಲಿ ಸ್ತ್ರೀಯರ ಸಮಾನ ಹಕ್ಕುಗಳ ಸಂವಿಧಾನ ತಿದ್ದುಪಡಿಯ ಪರವಾಗಿ ಪ್ರಚಾರ ಕೈಗೊಂಡರು.

ಕನ್ನಡದಲ್ಲಿ ಈ ಬಗೆಯ ಬರವಣಿಗೆ ಇದಕ್ಕಿಂತ ಮೊದಲೇ ಆರಂಭವಾಗಿತ್ತು. 1942ರಲ್ಲಿ ರಾಶಿಯವರು ಸ್ಥಾಪಿಸಿದ 'ಕೊರವಂಜಿ' ಪತ್ರಿಕೆಯ ಮೂಲಕ ಟಿ. ಸುನಂದಮ್ಮ (1917–2006) ಬೆಳಕಿಗೆ ಬಂದರು. ಅದುವರೆಗಿನ ನಗೆಬರಹದಲ್ಲಿ ಹೆಂಡತಿ ಬಹುಮಟ್ಟಿಗೆ ನಗೆಯ ವಸ್ತು, ನಗುವವನು ಗಂಡ. ಸುನಂದಮ್ಮನವರಲ್ಲಿ ನೋಡುವ ಕಣ್ಣು ಹೆಣ್ಣಿನದಾಯಿತು. 1979ರಲ್ಲಿ ಕರ್ನಾಟಕ ಲೇಖಕಿಯರ ಸಂಘ ಅಸ್ತಿತ್ವಕ್ಕೆ ಬಂದಾಗ ಅದರ ಮೊದಲ ಅಧ್ಯಕ್ಷರಾದವರೂ ಅವರೇ. ನಗೆಬರಹಗಾರ್ತಿಯೊಬ್ಬರು ಲೇಖಕಿಯರ ಸಂಘಟನೆಯ ಮುಂದಾಳಾದದ್ದು ಆಕಸ್ಮಿಕವೆನ್ನಲಾಗದು.

ಕರಾವಳಿಯ ಸಂದರ್ಭದಲ್ಲಿ ಭುವನೇಶ್ವರಿ ಹೆಗಡೆಯವರ ಬರಹಗಳು ಉಲ್ಲೇಖನೀಯ. ಉತ್ತರ ಕನ್ನಡ ಮೂಲದ ಅವರು ಮಂಗಳೂರಿನಲ್ಲಿ ಅರ್ಥಶಾಸ್ತ್ರದ ಅಧ್ಯಾಪಕಿಯಾಗಿದ್ದವರು. ಅವರ ಕೃತಿಯೊಂದರ ಶೀರ್ಷಿಕೆ 'ಎಂಥದು ಮಾರಾಯ್ರೆ' ಈ ನಗರದ ದಿನಬಳಕೆಯ ಮಾತು. ಫಲ್ಗುಣಿ ನದಿಯ ದಡದ ಕೂಳೂರಿನಂತಹ ಪ್ರದೇಶಗಳಲ್ಲಿ ತುಳು, ಕೊಂಕಣಿ, ಬ್ಯಾರಿ ಮನೆಮಾತಿನವರು ಅಕ್ಕಪಕ್ಕದಲ್ಲಿ ಬದುಕುತ್ತಾರೆ. ಅವರ ನಡುವೆ ಓಡಾಡುವ ಕನ್ನಡಕ್ಕೆ ತನ್ನದೇ ಧಾಟಿಯಿದೆ. ಆ ಧಾಟಿ ಪುಸ್ತಕದ ಹೆಸರಾದಾಗ ಆಡುಮಾತಿಗೂ ಸಾಹಿತ್ಯಿಕ ಮನ್ನಣೆ ದೊರೆಯುತ್ತದೆ.

ಇಂತಹ ಬರಹಗಳ 'ನಾನು' ಎಂಬ ನಿರೂಪಕಿಯನ್ನು ಲೇಖಕಿಯೊಂದಿಗೆ ಸಮೀಕರಿಸುವುದು ಸಾಮಾನ್ಯ ದೋಷ. ಆಕೆಯ ಪೆದ್ದುತನ, ಮರೆವು, ಗಡಿಬಿಡಿಗಳು ಬರವಣಿಗೆಯ ತಂತ್ರಗಳು. ತನ್ನನ್ನೇ ಹಾಸ್ಯಕ್ಕೆ ಒಡ್ಡಿಕೊಳ್ಳುವ ನಿರೂಪಕಿ ಗಂಡನನ್ನೂ ನೆಂಟರನ್ನೂ ಟೀಕಿಸುವ ಸಲುಗೆ ಪಡೆಯುತ್ತಾಳೆ, ಓದುಗರು ಮುನಿಸಿಕೊಳ್ಳುವುದಿಲ್ಲ. ಕೂಲಿಯಿಲ್ಲದ, ಲೆಕ್ಕಕ್ಕೆ ಸಿಗದ ಮನೆಗೆಲಸವು ಅಚ್ಚಿನ ಅಕ್ಷರಕ್ಕೆ ಇಳಿದದ್ದು ಬಹುಮಟ್ಟಿಗೆ ಈ ಸಲುಗೆಯಿಂದಲೇ.

ಆದುದರಿಂದ ಈ ಬರಹಗಳನ್ನು ಕೇವಲ ಮನರಂಜನೆಯೆಂದು ಬದಿಗಿರಿಸದೆ, ಕನ್ನಡ ಕುಟುಂಬಜೀವನದ ದಾಖಲೆಗಳಾಗಿಯೂ ಅಧ್ಯಯನ ಮಾಡುವುದು ಅಗತ್ಯ. ದಿನಪತ್ರಿಕೆಯ ಅಂಕಣ ಮರುದಿನವೇ ರದ್ದಿಯಾಗುತ್ತದೆ. ಸಂಕಲನಗೊಳ್ಳದೆ ಹಳೆಯ ಸಂಚಿಕೆಗಳಲ್ಲಿ ಉಳಿದ ಬರಹಗಳ ಸಂಗ್ರಹಕಾರ್ಯ ಈ ಅಧ್ಯಯನದ ಮೊದಲ ಹೆಜ್ಜೆಯಾಗಬೇಕು.