ಕಾರಿಗಿಂತ ಮೊದಲು ಅರ್ಥಿಂಗ್

ಎಲೆಕ್ಟ್ರಿಕ್ ಕಾರು ಕೊಳ್ಳಬೇಕೆಂದಿರುವವರು ಮೊದಲು ಕೇಳುವುದು ‘ತಿಂಗಳಿಗೆ ಎಷ್ಟು ಉಳಿಯುತ್ತೆ?’ ಎಂದೇ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಾಟ, ಲೀಟರಿಗೆ 15 ಕಿ.ಮೀ. ಮೈಲೇಜ್, ಪೆಟ್ರೋಲ್ ನೂರು ರೂಪಾಯಿ ಎಂದು ಹಿಡಿದರೂ 6,700 ರೂಪಾಯಿ ಬೇಕು. ನನ್ನ ಕಾರು ಒಂದು ಯೂನಿಟ್‌ಗೆ ಏಳು ಕಿ.ಮೀ. ಓಡುತ್ತದೆ. ಚಾರ್ಜ್ ಆಗುವಾಗ ಶಾಖವಾಗಿ ಸೋರಿಹೋಗುವುದೂ ಸೇರಿ 160 ಯೂನಿಟ್. ಯೂನಿಟ್‌ಗೆ ಆರು ರೂಪಾಯಿಯಂತೆ ಸಾವಿರದೊಳಗೆ ಮುಗಿಯುತ್ತದೆ. ಹೆದ್ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ 20 ರೂಪಾಯಿ ಕೊಟ್ಟರೆ ಅದೇ ಖರ್ಚು ಮೂರು ಸಾವಿರದ ಹತ್ತಿರ ಹೋಗುತ್ತದೆ. ಉಳಿತಾಯವೆಲ್ಲ ಇರುವುದು ಮನೆಯ ಪ್ಲಗ್ಗಿನಲ್ಲಿ.

ಗೃಹಜ್ಯೋತಿ ಯೋಜನೆಯ ಉಚಿತ ವಿದ್ಯುತ್ ಪಡೆಯುವವರಿಗೆ ಇನ್ನೊಂದು ಲೆಕ್ಕವಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 90 ಯೂನಿಟ್ ಬಳಸುವ ಮನೆಗೆ ಕಾರಿನ 160 ಸೇರಿತೆಂದರೆ ಸೊನ್ನೆಯಿದ್ದ ಬಿಲ್ಲು 1,500 ದಾಟುತ್ತದೆ. ಕಾರಿಗೆ ಪ್ರತ್ಯೇಕ ಮೀಟರ್ ಬಗ್ಗೆ ನಿಮ್ಮ ಎಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸಿ.

ಶಿವಮೊಗ್ಗದ ನಮ್ಮ ಮನೆ ಹಳೆಯದು. ಚಾರ್ಜರ್ ಸಿಕ್ಕಿಸಿದರೆ ಕೆಂಪು ದೀಪ ಹತ್ತಿತು, ಚಾರ್ಜ್ ಶುರುವೇ ಆಗಲಿಲ್ಲ. ಅರ್ಥಿಂಗ್ ಸರಿಯಿಲ್ಲವೆಂದು ಚಾರ್ಜರ್ ತಾನೇ ಪತ್ತೆಹಚ್ಚಿತ್ತು. ಎಲೆಕ್ಟ್ರಿಷಿಯನ್ ಹೊಸ ಅರ್ಥ್ ಗುಂಡಿ ತೋಡಿಸಿ, ಮೀಟರ್ ಬೋರ್ಡಿನಿಂದ ನೇರ ದಪ್ಪ ತಾಮ್ರದ ವೈರ್ ಎಳೆದು, ಬೇರೆಯೇ ಎಂಸಿಬಿ, 30 ಮಿಲಿಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ ಕೂರಿಸಿದರು. ಹದಿನೈದು ಸಾವಿರದ ಹತ್ತಿರ ಖರ್ಚಾಯಿತು. ಈ ಕಾರಿಗಾಗಿ ನಾನು ಮಾಡಿದ ಖರ್ಚಿನಲ್ಲಿ ಇದರಷ್ಟು ಸಾರ್ಥಕವಾದದ್ದು ಬೇರೆ ಇಲ್ಲ. ಗೀಸರಿನ ಪ್ಲಗ್ ಸಾಲದೇ ಎಂದು ಕೇಳಬಹುದು. ಗೀಸರ್ ನೀರು ಕಾದೊಡನೆ ನಿಲ್ಲುತ್ತದೆ. ಕಾರು ಮೂರು ಕಿಲೋವ್ಯಾಟ್‌ನಷ್ಟು ಕರೆಂಟನ್ನು ರಾತ್ರಿಯಿಡೀ ಎಳೆಯುತ್ತಲೇ ಇರುತ್ತದೆ. ಎಕ್ಸ್‌ಟೆನ್ಷನ್ ಬೋರ್ಡ್ ಬೇಡವೇ ಬೇಡ. ಗುಂಡಿ ತೋಡುವ ಬದಲು ಪ್ಲಗ್ಗಿನಲ್ಲೇ ನ್ಯೂಟ್ರಲ್‌ಗೆ ಅರ್ಥ್ ಜೋಡಿಸಿ ಕೊಡುವವರಿದ್ದಾರೆ. ಚಾರ್ಜರ್ ಸುಮ್ಮನಾಗುತ್ತದೆ ನಿಜ, ಆದರೆ ಮುಂದೆಂದೋ ನ್ಯೂಟ್ರಲ್ ವೈರ್ ಕಡಿದರೆ ಕಾರಿನ ಬಾಡಿಗೇ ಕರೆಂಟ್ ಬರುತ್ತದೆ. ದಯವಿಟ್ಟು ಒಪ್ಪಬೇಡಿ.

ಇನ್ನು ಬ್ಯಾಟರಿ. ಕಾರಿನ ಬಿಡಿಭಾಗಗಳಲ್ಲೆಲ್ಲ ಅದೇ ದುಬಾರಿ. ಸಾಮಾನ್ಯವಾಗಿ ವಾರಂಟಿ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಇರುತ್ತದೆ, ಸಾಮರ್ಥ್ಯ ಶೇ 70ಕ್ಕಿಂತ ಇಳಿದರೆ ಮಾತ್ರ ಬದಲಿಸಿಕೊಡುವ ಷರತ್ತನ್ನೂ ಓದಿಕೊಳ್ಳಿ. ನಿಮ್ಮದು ಯಾವ ಬಗೆಯೆಂದು ತಿಳಿದಿರಲಿ. ನಿಕಲ್-ಮ್ಯಾಂಗನೀಸ್-ಕೋಬಾಲ್ಟ್ ಬ್ಯಾಟರಿಯನ್ನು ದಿನನಿತ್ಯ ಶೇ 80ಕ್ಕೇ ನಿಲ್ಲಿಸಿದರೆ ಬಾಳಿಕೆ ಹೆಚ್ಚು. ಲಿಥಿಯಂ-ಐರನ್-ಫಾಸ್ಫೇಟ್ (ಎಲ್‌ಎಫ್‌ಪಿ) ಬ್ಯಾಟರಿಯನ್ನು ಆಗಾಗ ಪೂರ್ತಿ ತುಂಬಿಸಬೇಕು, ಇಲ್ಲದಿದ್ದರೆ ಪರದೆ ತೋರಿಸುವ ಲೆಕ್ಕವೇ ತಪ್ಪುತ್ತದೆ.

ಬ್ಯಾಟರಿಯೊಳಗಿರುವುದು ಸಾಮಾನ್ಯವಾಗಿ 300ರಿಂದ 400 ವೋಲ್ಟ್ ಡಿ.ಸಿ. ಬಾನೆಟ್ ಎತ್ತಿದಾಗ ಕಾಣುವ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ನೀವೂ ಮುಟ್ಟಬೇಡಿ, ತರಬೇತಿಯಿಲ್ಲದ ಮೆಕ್ಯಾನಿಕ್ಕಿಗೂ ಮುಟ್ಟಗೊಡಬೇಡಿ. ಕಾರು ಆಫ್ ಮಾಡಿದರೂ ಬ್ಯಾಟರಿಯೊಳಗಿನ ವೋಲ್ಟೇಜ್ ಎಲ್ಲೂ ಹೋಗಿರುವುದಿಲ್ಲ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬಾರದು: ಚಕ್ರ ತಿರುಗಿದರೆ ಮೋಟರೂ ತಿರುಗಿ ಕರೆಂಟ್ ಹುಟ್ಟುತ್ತದೆ. ಲಾರಿಯ ಮೇಲೇರಿಸಿಯೇ ಸಾಗಿಸಬೇಕು, ಅದರ ಖರ್ಚು ವಿಮೆಯಲ್ಲಿ ಸೇರಿದೆಯೇ ನೋಡಿ. ನೆಲಕ್ಕೆ ತಾಗಿ ಬ್ಯಾಟರಿಗೆ ಪೆಟ್ಟಾದರೆ, ಮಳೆನೀರು ನುಗ್ಗಿದರೆ ಪರಿಹಾರ ಸಿಗುತ್ತದೆಯೇ ಎಂಬುದನ್ನೂ ಬರಹದಲ್ಲೇ ಪಡೆಯಿರಿ. ನಮ್ಮ ಮಲೆನಾಡಿನ ರಸ್ತೆಗಳಿಗೆ ಇದು ಬೇಕೇ ಬೇಕು.

ಓಡಿಸುವುದನ್ನು ಕಲಿಯಲು ಹೆಚ್ಚು ದಿನ ಬೇಡ. ಆಗುಂಬೆ ಘಾಟಿ ಇಳಿಯುವಾಗ ಕಾಲು ಎತ್ತಿದರೆ ಮೋಟರೇ ಕಾರನ್ನು ಹಿಡಿದು, ಬ್ಯಾಟರಿಗೆ ಒಂದಿಷ್ಟು ಚಾರ್ಜ್ ಮರಳಿಸುತ್ತದೆ. ಬ್ರೇಕ್ ಪ್ಯಾಡ್ ಉಳಿಯುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಆ ಹಿಡಿತ ಸಿಗದು, ಹಾಗಾಗಿ ಘಾಟಿಯ ಮೇಲೆ ಮನೆಯಿರುವವರು ಇಳಿಯುವ ದಿನ ಶೇ 90ಕ್ಕೆ ನಿಲ್ಲಿಸಲಿ. ಬಯಲಿನಲ್ಲಿ ನೂರರ ಬದಲು ಎಂಬತ್ತರ ವೇಗದಲ್ಲಿ ಹೋದರೆ ಒಂದೇ ಚಾರ್ಜಿನಲ್ಲಿ ಹೆಚ್ಚು ದೂರ ಸಾಗಬಹುದು.

ಕೊನೆಗೆ ಹಣದ ಮಾತು. ಕಾರಿನ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 80ಇಇಬಿ ಅಡಿ ತೆರಿಗೆ ವಿನಾಯಿತಿ ಇದ್ದದ್ದು 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಕ್ಕೆ ಮಾತ್ರ. ಈಗ ಸಾಲ ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ರಾತ್ರಿ ಚಾರ್ಜ್ ಮಾಡಲು ಸ್ವಂತ ಪ್ಲಗ್ ಇಲ್ಲದ ಬಾಡಿಗೆ ಮನೆಯವರಿಗೆ ನನ್ನ ಸಲಹೆ: ಮನೆ ಮಾಲೀಕರು ವೈರಿಂಗ್‌ಗೆ ಒಪ್ಪುವವರೆಗೆ ಕಾರು ಬುಕ್ ಮಾಡಬೇಡಿ.