ಮೊದಲು ಬಾಯಿಬಿಟ್ಟು ಓದು

ಮಗೂ,

ನಿನ್ನ ಕವಿತೆಗಳ ಕಟ್ಟು ತಲುಪಿತು. ಮೊದಲು ಮನಸ್ಸಿನಲ್ಲೇ ಓದಿಕೊಂಡೆ, ಆಮೇಲೆ ಗಟ್ಟಿಯಾಗಿ. "ದೊಡ್ಡಮ್ಮ, ಇವನ್ನು ಪುಸ್ತಕ ಮಾಡಬಹುದಾ? ಮುಲಾಜಿಲ್ಲದೆ ಹೇಳು" ಎಂದು ಬರೆದಿದ್ದೀಯ. ಹೇಳುತ್ತೇನೆ. ಈಗಲೇ ಬೇಡ. ನಿನ್ನಲ್ಲಿ ಕಸುವಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಜ್ಜಿ ಕಣ್ಣಿನ ಆಪರೇಷನ್ ಮುಗಿಸಿ ಮನೆಗೆ ಬಂದ ದಿನದ ಮೇಲೆ ಬರೆದಿದ್ದೀಯಲ್ಲ, ಅದು ನಿಜವಾದ ಕವಿತೆ. ಆದರೆ ನೀನು ಬರೆದಷ್ಟು ಓದಿಲ್ಲ. ಓದಿದ್ದನ್ನೂ ಕಣ್ಣಲ್ಲೇ ಓದಿದ್ದೀಯ. ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂಬುದು ನಿನ್ನ ಬರವಣಿಗೆಗೆ ಇನ್ನೂ ತಿಳಿದಿಲ್ಲ. ಅದು ತಿಳಿಯುವುದು ಕಿವಿಯಿಂದ.

ನಮ್ಮ ಪರೀಕ್ಷೆಗಳು ಪದ್ಯವೆಂದರೆ ಭಾವಾರ್ಥ ಬರೆಯುವ ವಸ್ತು ಎಂದು ಮಕ್ಕಳಿಗೆ ಕಲಿಸಿಬಿಟ್ಟಿವೆ. ಸಂದರ್ಭ ಸಹಿತ ವಿವರಿಸಿ, ಸ್ವಾರಸ್ಯ ಬರೆಯಿರಿ, ಕವಿಯ ಕಾಲ ದೇಶ ಕೃತಿ ತಿಳಿಸಿ. ಪರೀಕ್ಷೆ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಕವಿತೆ ಕಂಡ ಕೂಡಲೇ "ಇದರ ಅರ್ಥ ಏನು?" ಎಂದೇ ಬಾಯಿಗೆ ಬರುತ್ತದೆ. ಬೇಂದ್ರೆಯವರ 'ನಾಕುತಂತಿ' ಅರ್ಥವಾಗಲಿಲ್ಲವೆಂದು ಮುಚ್ಚಿಟ್ಟೆ ಎಂದೆಯಲ್ಲ, ಅದನ್ನು ಮತ್ತೆ ತೆಗೆ. 1964ರಲ್ಲಿ ಬಂದ ಸಂಕಲನ ಅದು, 1973ರ ಜ್ಞಾನಪೀಠ ತಂದುಕೊಟ್ಟದ್ದು. ಅದರ ಮೇಲೆ ವಿದ್ವಾಂಸರು ಎಷ್ಟೋ ಬರೆದಿದ್ದಾರೆ. ಅದನ್ನೆಲ್ಲ ಪಕ್ಕಕ್ಕಿಟ್ಟು, ಬಾಗಿಲು ಹಾಕಿಕೊಂಡು ಗಟ್ಟಿಯಾಗಿ ಓದು. ಧಾರವಾಡದ ಮನೆಮಾತು, ಬೀಸುವ ಕಲ್ಲಿನ ಹಾಡು, ಲಾವಣಿಯ ಓಟ ಎಲ್ಲವನ್ನೂ ಕಿವಿಯಲ್ಲಿ ತುಂಬಿಕೊಂಡಿದ್ದ ಮನುಷ್ಯ ಆತ. ಮೊದಲ ಓದಿಗೆ ಆ ನಾದ ಸಿಕ್ಕರೆ ಸಾಕು. ಅರ್ಥ ನಾಳೆ ಬರಬಹುದು, ಹತ್ತು ವರ್ಷ ಬಿಟ್ಟು ಬರಬಹುದು. ನನಗೆ ಇವತ್ತಿಗೂ ಪೂರ್ತಿ ಬಿಡಿಸಲಾಗದ ಬೇಂದ್ರೆ ಕವಿತೆಗಳಿವೆ. ಅವನ್ನು ಹೇಳಿಕೊಳ್ಳುವಾಗ ಸಿಗುವ ಸುಖಕ್ಕೆ ಅದರಿಂದ ಏನೂ ಕಡಿಮೆಯಾಗಿಲ್ಲ.

ಅದಕ್ಕಿಂತ ಮುಂಚೆ ಕುಮಾರವ್ಯಾಸನಲ್ಲಿಗೆ ಹೋಗು. ಹಳೆಯ ಕಾವ್ಯ ಎಂದರೆ ನಿಮ್ಮ ವಯಸ್ಸಿನವರಿಗೆ ಅಂಜಿಕೆ ಎಂದು ಗೊತ್ತು. ವಿರಾಟಪರ್ವದಲ್ಲಿ ಕೀಚಕವಧೆಯ ಭಾಗವನ್ನು ತೆಗೆದು ಮೇಜಿನ ಮೇಲೆ ಬೆರಳಾಡಿಸುತ್ತ ಓದು. ಮೂರು, ನಾಲ್ಕು, ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡೆ ಇಷ್ಟೇ. ಮೊದಲ ಎರಡು ಸಾಲು 14 ಮಾತ್ರೆಯವು. ಮೂರನೆಯ ಸಾಲಿನಲ್ಲಿ ಅದೇ ಮೂರು-ನಾಲ್ಕರ ಜೋಡಿ ಇನ್ನೊಂದು ಸುತ್ತು ಹೆಚ್ಚು ತಿರುಗಿ, ಕೊನೆಗೆ ಒಂದು ಗುರುವಿನ ಮೇಲೆ ನಿಲ್ಲುತ್ತದೆ, ಒಟ್ಟು 23 ಮಾತ್ರೆ. ಅಲ್ಲಿ ಉಸಿರು. ಮತ್ತೆ ಎರಡು ಗಿಡ್ಡ ಸಾಲು, ಒಂದು ಉದ್ದ ಸಾಲು. ಲೆಕ್ಕ ಕೇಳಿದರೆ ಒಣ ವ್ಯಾಕರಣ ಅನ್ನಿಸುತ್ತದೆ. ಆದರೆ ಕತ್ತಲಲ್ಲಿ ದ್ರೌಪದಿ ಅಡುಗೆಮನೆಗೆ ಬಂದು, ಅಕ್ಕಪಕ್ಕದವರಿಗೆ ಎಚ್ಚರವಾಗದ ಹಾಗೆ ಭೀಮನನ್ನು ಎಬ್ಬಿಸುವ ಜಾಗ ಬರಲಿ, ನೋಡು. ಅದೇ ಮೂರು-ನಾಲ್ಕು ಅಲ್ಲಿ ಪಿಸುಮಾತಾಗುತ್ತದೆ. ಅವಳು ತನ್ನ ಅವಮಾನ ಹೇಳಿಕೊಳ್ಳುವಾಗ ಅದಕ್ಕೆ ಗಂಟಲು ಕಟ್ಟುತ್ತದೆ. ಮುಂದೆ ಭೀಮ ಕೀಚಕನ ಮೇಲೆ ಬೀಳುವಾಗ ಅದೇ ನಡೆ ಅಬ್ಬರಿಸುತ್ತದೆ. ಒಂದೇ ಛಂದಸ್ಸಿನೊಳಗೆ ಇಷ್ಟು ದನಿಗಳು ಹೇಗೆ ಹೊರಡುತ್ತವೆ ಎಂಬುದನ್ನು ನಿನ್ನ ಬಾಯಿಯಿಂದಲೇ ಕೇಳಿಕೊಂಡ ಮೇಲೆ, ಛಂದಸ್ಸಿಲ್ಲದ ಕವಿತೆ ಬರೆಯುವಾಗಲೂ ನಿನ್ನ ಕೈ ಬೇರೆಯಾಗುತ್ತದೆ.

ಒಬ್ಬಳೇ ಓದಲು ಬೇಸರವಾದರೆ ಗಮಕ ಕೇಳು. ನಮ್ಮ ಶಿವಮೊಗ್ಗದ ಪಕ್ಕ, ತುಂಗೆಯ ದಡದ ಹೊಸಹಳ್ಳಿಯಲ್ಲಿ ಗಮಕವನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿದ್ದಾರೆ. ಆ ಊರಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ವಾಚನದ ಧ್ವನಿಮುದ್ರಣ ಸಿಕ್ಕರೆ ಬಿಡಬೇಡ. ಸಂಗೀತದಲ್ಲಿ ರಾಗ ಮುಂದೆ ನಿಲ್ಲುತ್ತದೆ. ಗಮಕಿ ರಾಗವನ್ನು ಮಾತಿನ ಹಿಂದೆ ನಿಲ್ಲಿಸುತ್ತಾನೆ, ಒಂದು ಪದವೂ ಕಿವಿಗೆ ತಪ್ಪುವುದಿಲ್ಲ. ಭಾವಗೀತೆಯನ್ನೂ ಕೇಳು, ಮೈಸೂರು ಅನಂತಸ್ವಾಮಿ, ಸಿ. ಅಶ್ವಥ್ ಹಾಡಿದ್ದನ್ನು ಕೇಳಿಯೇ ನಮ್ಮಲ್ಲಿ ಎಷ್ಟೋ ಜನ ಕವಿತೆಗೆ ಬಂದರು. ಆದರೆ ಹಾಡು ಕೇಳಿದ ಮೇಲೆ ಪುಸ್ತಕ ತೆಗೆದು ಅದೇ ಕವಿತೆಯನ್ನು ರಾಗವಿಲ್ಲದೆ ಓದಿ ನೋಡು. ರಾಗ ಬಿಟ್ಟರೂ ನಿಲ್ಲುವ ಸಾಲು ಯಾವುದು ಎಂದು ಆಗ ಗೊತ್ತಾಗುತ್ತದೆ.

ಈಗ ನಿನ್ನ ಕವಿತೆಗಳಿಗೆ ಬರೋಣ. ತಾನು ಬರೆದ ಮಾತನ್ನು ಅಳಿಸಿದವನಲ್ಲ ಎಂದು ಕುಮಾರವ್ಯಾಸ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಆ ಮಾತು ಅವನಿಗೆ ಸಲ್ಲುತ್ತದೆ. ನೀನು ಅಳಿಸು. ಕೆರೆಯ ಮೇಲಿನ ಕವಿತೆಯ ಒಂದೇ ಪುಟದಲ್ಲಿ 'ಮೌನ', 'ನೀರವ', 'ನಿಶ್ಶಬ್ದ' ಮೂರೂ ಇವೆ. ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವ ಕಲ್ಲು ಖಾಲಿ ಬಿದ್ದಿತ್ತು ಎಂದು ನೀನೇ ಕೆಳಗೆ ಬರೆದಿದ್ದೀಯ. ಅದೊಂದಿದ್ದರೆ ಆ ಮೂರೂ ಪದ ಬೇಡ. 'ಅನಂತ', 'ಶೂನ್ಯ', 'ಅಂತರಾಳ' ಇವುಗಳ ಕಡೆಗೂ ಸ್ವಲ್ಪ ದಿನ ಹೋಗಬೇಡ. ನಿಮ್ಮಮ್ಮ ಸಿಟ್ಟು ಬಂದಾಗ ಆಡುವ ಮಾತಿದೆಯಲ್ಲ, ಅದರ ಹದ ನಿನ್ನ ಕವಿತೆಗೆ ಬೇಕು. ಬರೆದದ್ದನ್ನು ಒಂದು ತಿಂಗಳು ಮುಚ್ಚಿಡು. ಆಮೇಲೆ ಗಟ್ಟಿಯಾಗಿ ಓದುವಾಗ ಎಲ್ಲಿ ನಾಲಗೆ ತೊಡರುತ್ತದೋ, ಎಲ್ಲಿ ನಿನಗೇ ನಾಚಿಕೆಯಾಗುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕು. ಇದರ ಜೊತೆಗೆ ವಾರಕ್ಕೊಂದು ಕವಿತೆ, ಬೇರೆಯವರದ್ದು, ನೋಟುಬುಕ್ಕಿನಲ್ಲಿ ಕೈಯಾರೆ ಬರೆದುಕೋ. ಅಡಿಗರನ್ನು ಹಾಗೆ ಬರೆದುಕೊಂಡಾಗ ನನಗೆ ತಿಳಿದದ್ದು, ಪಾಠ ಮಾಡುವಾಗಲೂ ತಿಳಿದಿರಲಿಲ್ಲ. ಅವರ ವಾಕ್ಯ ಸಾಲಿನ ತುದಿ ದಾಟಿ ಮುಂದಿನ ಸಾಲಿಗೆ ಹೇಗೆ ಧುಮುಕುತ್ತದೆ ಎಂಬುದು ಬರೆಯುವ ಕೈಗೆ ಮೊದಲು ಗೊತ್ತಾಗುತ್ತದೆ.

ಕೆಲಸ ಬಿಟ್ಟು ಬರೆಯುತ್ತಾ ಕೂರಬೇಕು ಅನ್ನಿಸುತ್ತದೆ ಎಂದೆ. ಖಂಡಿತ ಬೇಡ. ಮಾಸ್ತಿಯವರು ಮೈಸೂರು ಸರ್ಕಾರದ ದೊಡ್ಡ ಅಧಿಕಾರಿಯಾಗಿದ್ದುಕೊಂಡೇ ಕಥೆ ಬರೆದರು. ನಿಸಾರ್ ಅಹಮದರು ನಮ್ಮ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಹೇಳುತ್ತಿದ್ದವರು. ಉಡುಪಿಯಲ್ಲಿ ಡ್ರಿಲ್ ಮಾಸ್ತರನಾಗಿದ್ದ ನಂದಳಿಕೆಯ ಲಕ್ಷ್ಮೀನಾರಣಪ್ಪ ಬಡತನದಲ್ಲೇ ಬರೆದ. ಬರೆದದ್ದನ್ನು ಯಾವನೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. 1901ರಲ್ಲಿ ಕ್ಷಯದಿಂದ ತೀರಿಕೊಂಡಾಗ ಅವನಿಗೆ ಮೂವತ್ತೊಂದೋ ಏನೋ. ಮುದ್ದಣನೆಂದರೆ ಅವನೇ ಎಂದು ಕನ್ನಡದ ಜನಕ್ಕೆ ತಿಳಿದದ್ದು ಆಮೇಲೆ. ಅವನಷ್ಟು ಕಷ್ಟ ನಿನಗೆ ಬರುವುದು ಬೇಡ, ತಾಯೀ. ಆದರೆ ಹೆಸರಿನ ಹಂಗಿಲ್ಲದೆ ಬರವಣಿಗೆಯನ್ನೇ ಅಷ್ಟು ಪ್ರೀತಿಸಿದ ಒಬ್ಬ ನಮ್ಮ ಭಾಷೆಯಲ್ಲಿದ್ದ ಎಂಬುದು ನಿನ್ನ ಮನಸ್ಸಿನಲ್ಲಿರಲಿ. ಸಂಬಳ ಬರುತ್ತಿರಲಿ. ಬೆಳಿಗ್ಗೆ ಫೋನು ಮುಟ್ಟುವ ಮೊದಲಿನ ಅರ್ಧ ಗಂಟೆ ನಿನ್ನದಾಗಿರಲಿ.

ಇನ್ನೊಂದು ಹೆಸರು ಕೆ.ಎಸ್. ನರಸಿಂಹಸ್ವಾಮಿ. 1942ರಲ್ಲಿ 'ಮೈಸೂರು ಮಲ್ಲಿಗೆ' ಬಂದಾಗ ಅವರಿಗೆ ಇಪ್ಪತ್ತೇಳು. ಮದುವೆಮನೆಗಳಲ್ಲಿ ಉಡುಗೊರೆಯಾಗಿ ಕೊಡುವಷ್ಟು ಮೆಚ್ಚುಗೆ ಪಡೆದ ಪುಸ್ತಕ ಅದು. ಅದೇ ಧಾಟಿಯಲ್ಲಿ ಬರೆಯುತ್ತ ಹೋಗಿದ್ದರೆ ಜನ ಕೊನೆಯವರೆಗೂ ಚಪ್ಪಾಳೆ ತಟ್ಟುತ್ತಿದ್ದರು. ಅವರು ಹಾಗೆ ಮಾಡಲಿಲ್ಲ. 1958ರ 'ಶಿಲಾಲತೆ'ಯ ಹೊತ್ತಿಗೆ ದನಿ ಬದಲಾಗಿತ್ತು. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1977ರಲ್ಲಿ, 'ತೆರೆದ ಬಾಗಿಲು' ಸಂಕಲನಕ್ಕೆ. ಇಳಿವಯಸ್ಸಿನಲ್ಲೂ ಬರೆಯುತ್ತಲೇ ಇದ್ದರು. ಬರೆಯುವ ಬದುಕು ಎಂದು ನಾನು ಕರೆಯುವುದು ಇದನ್ನು. ಮೊದಲ ಪುಸ್ತಕ ಅದರ ಶುರುವಷ್ಟೇ, ಹಾಗಾಗಿ ಅದಕ್ಕೆ ಅವಸರ ಬೇಡ.

ಕವಿತೆ ಹೊರಗೆ ಹೋಗಬೇಕು, ಅದು ನಿಜ. 'ಮಯೂರ', 'ತುಷಾರ'ಕ್ಕೆ ಕಳಿಸು, ದೀಪಾವಳಿ ವಿಶೇಷಾಂಕದ ಸ್ಪರ್ಧೆಗೆ ಕಳಿಸು. ಬಹುಮಾನ ಬಂದವರ ಕವಿತೆಯನ್ನು ಹೊಟ್ಟೆಕಿಚ್ಚಿಲ್ಲದೆ ಓದು. ಕವಿಗೋಷ್ಠಿಗೆ ಕರೆದರೆ ಹೋಗು, ಆದರೆ ನಿನ್ನ ಸರದಿ ಮುಗಿದ ಕೂಡಲೇ ಎದ್ದು ಬರಬೇಡ. ನಮ್ಮ ಸಮ್ಮೇಳನಗಳಲ್ಲಿ ಕೊನೆಯ ಕವಿ ಓದುವ ಹೊತ್ತಿಗೆ ವೇದಿಕೆಯ ಮೇಲಿನ ಕುರ್ಚಿಗಳೆಲ್ಲ ಖಾಲಿ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಇನ್ನೊಬ್ಬರ ಪದ್ಯ ಕೇಳಲು ಹತ್ತು ನಿಮಿಷವಿಲ್ಲದವರ ಪದ್ಯವನ್ನು ಯಾರಾದರೂ ಯಾಕೆ ಕೇಳಬೇಕು? ಪುಸ್ತಕದ ಕಾಲ ಬಂದಾಗ ದುಡ್ಡು ಕೇಳುವ ಪ್ರಕಾಶಕರ ಹತ್ತಿರ ಹೋಗಬೇಡ. ಯುವ ಬರಹಗಾರರ ಚೊಚ್ಚಲ ಕೃತಿಗೆಂದೇ ಕನ್ನಡ ಪುಸ್ತಕ ಪ್ರಾಧಿಕಾರ ಹಸ್ತಪ್ರತಿ ಕರೆಯುತ್ತದೆ. ಅಲ್ಲಿಗೆ ಕಳಿಸೋಣ, ಮುಂದಿನ ಓದನ್ನು ಇಬ್ಬರೂ ಕೂತು ಮಾಡೋಣ.

ಹಬ್ಬಕ್ಕೆ ಊರಿಗೆ ಬರುವಾಗ ಈ ಕಟ್ಟನ್ನು ತಿದ್ದಿ ತಾ. ಅದರ ಜೊತೆಗೆ ನಿನಗೆ ಇಷ್ಟವಾದ ಬೇರೆಯವರ ಐದು ಕವಿತೆಗಳನ್ನೂ ನಿನ್ನ ಕೈಬರಹದಲ್ಲಿ ಬರೆದು ತಾ. ಅಜ್ಜಿಗೆ ಮೊದಲು ಓದಿ ಹೇಳಬೇಕಾದದ್ದು ಆ ಐದನ್ನು.

ನಿನ್ನ ದೊಡ್ಡಮ್ಮ