ಅಜ್ಜನ ರಿವಾಲ್ವರ್ ‘ಆಂಟಿಕ್’ ಆದರೆ ಲೈಸೆನ್ಸ್ ಬೇಡವೇ?

ಹಳೇ ಮನೆ ಪಾಲಾಗುವಾಗ ಟ್ರಂಕಿನ ತಳದಲ್ಲಿ ರಿವಾಲ್ವರ್ ಸಿಕ್ಕಿತೆಂದು ನನ್ನ ಬಳಿ ಬರುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ: “ಸಾರ್, ಇದು ಆಂಟಿಕ್, ಷೋಕೇಸಿಗೆ ಅಂತ ಇಟ್ಕೊಂಡಿದ್ವಿ.” ಅಷ್ಟರಲ್ಲಿ ಯಾರೋ ದಾಯಾದಿ ದೂರು ಕೊಟ್ಟಿರುತ್ತಾನೆ, ಎಫ್‌ಐಆರ್ ಆಗಿರುತ್ತದೆ.

ಇಟ್ಟುಕೊಳ್ಳುವ ಆಸೆ ನನಗೆ ಅರ್ಥವಾಗುತ್ತದೆ. 1851ರ ಕೋಲ್ಟ್ ನೇವಿಯನ್ನೇ ನೋಡಿ. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಕುದುರೆ ಎಳೆಯಬೇಕಾದ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ಅದು. ಅದರ ಸಿಲಿಂಡರಿನ ಸುತ್ತ 1843ರ ಕಡಲಯುದ್ಧವೊಂದರ ಹಡಗುಗಳ ಚಿತ್ರ ಕೊರೆದಿರುತ್ತಾರೆ. 1850ರ ದಶಕದಲ್ಲಿ ಲಂಡನ್ನಿನಲ್ಲೂ ಇವು ತಯಾರಾದವು. ಇಂಥ ಕುಸುರಿ ಕೆಲಸವನ್ನು ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಆದರೆ ಜನ ಬೀಳುವ ಹಳ್ಳ ಇಲ್ಲೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂ ಪುರಾತನ ಮೌಲ್ಯದ ಆಯುಧಕ್ಕೆ ವಿನಾಯಿತಿ ಕೊಡುತ್ತದೆ, ನಿಜ. ಓದಿದವರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ವಾಕ್ಯದ ಬಾಲದಲ್ಲಿ ಷರತ್ತಿದೆ: ಹಾಗೇ ಆಗಲಿ, ರಿಪೇರಿ ಮಾಡಿಯೇ ಆಗಲಿ, ಅದರಿಂದ ಗುಂಡು ಹಾರಿಸಲು ಸಾಧ್ಯವಿರಬಾರದು. ಸ್ಪ್ರಿಂಗ್ ಮುರಿದಿದೆ, ಕುದುರೆ ಸಡಿಲವಾಗಿದೆ, ತುಕ್ಕು ಹಿಡಿದಿದೆ ಎಂಬುದೆಲ್ಲ ರಿಪೇರಿಯಾಗುವ ದೋಷಗಳು. ತೋಟಾ ಹಾಕುವಂಥದ್ದಲ್ಲ, ಮದ್ದು ತುಂಬಿ ಕೇಪು ಇಡುವಂಥದ್ದು ಎಂಬ ವಾದವೂ ನಿಲ್ಲದು, ಅದೂ ಬಂದೂಕೇ. ವಯಸ್ಸು ನೂರೈವತ್ತು ದಾಟಿದ್ದರೂ ವಿನಾಯಿತಿ ತಾನಾಗಿ ಬರುವುದಿಲ್ಲ. 2019ರ ತಿದ್ದುಪಡಿಯ ನಂತರ ಲೈಸೆನ್ಸಿಲ್ಲದ ಸಾಮಾನ್ಯ ಬಂದೂಕಿಗೂ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು.

ಈ ಗೊಂದಲದಲ್ಲೇ ಹೊಟ್ಟೆ ಹೊರೆಯುವ ದಲ್ಲಾಳಿಗಳಿದ್ದಾರೆ. ‘ಆಂಟಿಕ್ ಸರ್ಟಿಫಿಕೇಟ್’ ಮಾಡಿಸಿಕೊಡುತ್ತೇನೆಂದು ದುಡ್ಡು ಕೀಳುತ್ತಾರೆ. ಆ ಕಾಗದಕ್ಕೆ ಕೋರ್ಟಿನಲ್ಲಿ ಚಿಕ್ಕಾಸಿನ ಬೆಲೆ ಇಲ್ಲ. ಗುಂಡು ಹಾರುತ್ತದೋ ಇಲ್ಲವೋ ಎಂದು ಪರೀಕ್ಷಿಸುವುದು ವಿಧಿವಿಜ್ಞಾನ ಪ್ರಯೋಗಾಲಯ. ನಳಿಗೆ ಮುಚ್ಚಿಸಿಬಿಡೋಣವೆಂದು ವೆಲ್ಡಿಂಗ್ ಅಂಗಡಿಗೆ ಒಯ್ಯುವುದಂತೂ ಬೇಡವೇ ಬೇಡ. ದಾರಿಯಲ್ಲಿ ಸಿಕ್ಕಿಬಿದ್ದರೆ ನೀವು ಲೈಸೆನ್ಸಿಲ್ಲದ ಆಯುಧ ಸಾಗಿಸುತ್ತಿದ್ದವರಾಗುತ್ತೀರಿ.

ಹಾಗಾದರೆ ಮೊದಲು ಏನು ಮಾಡಬೇಕು? ಟ್ರಂಕಿನಲ್ಲಿ ಇದೆಯೆಂದು ನಿಮಗೆ ಗೊತ್ತೇ ಇಲ್ಲದಿದ್ದಷ್ಟು ಕಾಲ ನಿಮ್ಮ ಮೇಲೆ ಹೊಣೆ ಹೊರಿಸುವುದು ಕಷ್ಟ. ಅರಿವಿನಿಂದ ಕೂಡಿದ ಸ್ವಾಧೀನವೇ ಅಪರಾಧ ಎಂದು 1972ರ ಗುಣವಂತಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗೊತ್ತಾದ ಮೇಲೆ ಆ ರಕ್ಷಣೆ ಇರುವುದಿಲ್ಲ. 21ನೇ ಕಲಂ ಪ್ರಕಾರ ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯಲ್ಲೋ ಠೇವಣಿ ಇಡಬೇಕು. ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಬೇಡಿ. ವಕೀಲರ ಮೂಲಕ ಠಾಣೆಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆದು, ಮನೆಗೇ ಬಂದು ಮಹಜರು ಮಾಡಿ ತೆಗೆದುಕೊಳ್ಳುವಂತೆ ಕೇಳಿ.

ರಸೀದಿಯ ವಿಷಯದಲ್ಲಿ ಜಗಳವಾಡಿಯಾದರೂ ಸರಿಯಾದದ್ದನ್ನೇ ಪಡೆಯಿರಿ. “ಹಳೇ ಪಿಸ್ತೂಲು ಒಂದು” ಎಂದು ಗೀಚಿ ಕಳಿಸುವ ಠಾಣೆಗಳನ್ನು ಕಂಡಿದ್ದೇನೆ. ನಾಳೆ ಬೇರಾವುದೋ ತುಕ್ಕು ಹಿಡಿದ ಕಬ್ಬಿಣ ತೋರಿಸಿದರೆ ನೀವು ಏನೂ ಮಾಡಲಾರಿರಿ. ತಯಾರಕರ ಹೆಸರು, ಕ್ರಮಸಂಖ್ಯೆ, ಎಲ್ಲೆಲ್ಲಿ ಯಾವ ಕೆತ್ತನೆ, ಹಿಡಿ ಯಾವುದರದ್ದು, ಎಲ್ಲವೂ ಬರವಣಿಗೆಯಲ್ಲಿರಲಿ. ಫೋಟೊಗಳಿಗೂ ಸಹಿ ಹಾಕಿಸಿ. ಠೇವಣಿ ಇಟ್ಟು ಮರೆತವರೂ ಕಳೆದುಕೊಳ್ಳುತ್ತಾರೆ: ಗೊತ್ತುಪಡಿಸಿದ ಅವಧಿಯಲ್ಲಿ ಬಿಡಿಸಿಕೊಳ್ಳದಿದ್ದರೆ ಅದನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು.

ಅಜ್ಜನಿಗೆ ಲೈಸೆನ್ಸ್ ಇತ್ತೇ? ಇದ್ದರೆ 2016ರ ಶಸ್ತ್ರಾಸ್ತ್ರ ನಿಯಮಗಳ 25ನೇ ನಿಯಮದಡಿ ವಾರಸುದಾರರು ಅರ್ಜಿ ಹಾಕಬಹುದು. ಜಿಲ್ಲೆಗಳಲ್ಲಿ ಡಿಸಿ ಕಚೇರಿ, ಬೆಂಗಳೂರಿನಂಥ ಕಡೆ ಪೊಲೀಸ್ ಕಮಿಷನರ್ ಕಚೇರಿ. ಲೈಸೆನ್ಸ್ ಹಿಡಿದಿರುವವರು ಬದುಕಿದ್ದಾಗಲೇ, 70 ವರ್ಷ ತುಂಬಿದಾಗ ಅಥವಾ ಆಯುಧ 25 ವರ್ಷ ಅವರಲ್ಲಿದ್ದಾಗ, ವಾರಸುದಾರರನ್ನು ಹೆಸರಿಸಬಹುದು. ಮನೆಯ ಹಿರಿಯರಿಗೆ ಈಗಲೇ ಹೇಳಿ. ಆದರೆ ಒಬ್ಬರಿಗೆ ಎರಡೇ ಬಂದೂಕು. ವಂಶಪಾರಂಪರ್ಯದಿಂದ ಬಂದದ್ದೂ ಆ ಲೆಕ್ಕದೊಳಗೇ. ಲೈಸೆನ್ಸೇ ಇರಲಿಲ್ಲವಾದರೆ ಈ ದಾರಿ ಸುಲಭವಲ್ಲ. ಮೊದಲು ಒಪ್ಪಿಸಿ, ಆಮೇಲೆ ಮಾತು.

ಅರ್ಜಿಗೆ ಮುಂಚೆ ಬೋರ್ ನೋಡಿಸಿ. .455 ತೋಟಾ ಹಿಡಿಯುವ ರಿವಾಲ್ವರ್‌ಗಳು, ಹಳೇ ವೆಬ್ಲಿಯಂಥವು, ನಿಷೇಧಿತ ವರ್ಗಕ್ಕೆ ಸೇರುತ್ತವೆ. ಅಲ್ಲಿ ಡಿಸಿಗೂ ಅಧಿಕಾರವಿಲ್ಲ. ಶಿಕ್ಷೆ ಏಳು ವರ್ಷದಿಂದ ಶುರು. ಗುಮಾಸ್ತರು ಇದನ್ನು ಹೇಳದೆ ತಿಂಗಳುಗಟ್ಟಲೆ ಓಡಾಡಿಸುವುದು ನನಗೆ ಸಹಿಸಲಾಗದ ಸಂಗತಿ. ಹಿಡಿ ಆನೆದಂತದ್ದಾದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇರೆ. ಅರಣ್ಯ ಇಲಾಖೆಯ ಮಾಲೀಕತ್ವದ ಪ್ರಮಾಣಪತ್ರ ಕೇಳುತ್ತಾರೆ.

ಕೊಡಗಿನವರ ಉದಾಹರಣೆ ಕೊಡುವವರಿಗೆ ಒಂದು ಮಾತು. ಲೈಸೆನ್ಸಿಲ್ಲದೆ ಬಂದೂಕು ಇಟ್ಟುಕೊಳ್ಳುವ ಆ ವಿನಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಮಾತ್ರ. ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಪಕ್ಕದ ಹಾಸನದ, ಮೈಸೂರಿನ ಉಳಿದವರಿಗೆ ಅದು ಅನ್ವಯಿಸದು.

ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೂ ಇದನ್ನು ತಿಳಿಸಿ. ಅಲ್ಲಿ 1898ರವರೆಗೆ ತಯಾರಾದ ಅಸಲಿ ಬಂದೂಕು, ಕೇಪು ಇಟ್ಟು ಹಾರಿಸುವ ಹೊಸ ನಕಲು ಎರಡನ್ನೂ ಒಕ್ಕೂಟದ ಕಾನೂನು ‘ಆಂಟಿಕ್’ ಎಂದೇ ಪರಿಗಣಿಸುತ್ತದೆ. ಕೆಲವು ರಾಜ್ಯಗಳ ನಿಯಮ ಬೇರೆ, ಆ ಮಾತು ಹಾಗಿರಲಿ. ಕೆತ್ತನೆ ಚೆನ್ನಾಗಿದೆ, ಅಪ್ಪನಿಗೆ ಉಡುಗೊರೆ ಎಂದು ಸೂಟ್‌ಕೇಸಿನಲ್ಲಿಟ್ಟು ತಂದರೆ ದೇವನಹಳ್ಳಿಯಲ್ಲಿ ಇಳಿಯುತ್ತಿದ್ದಂತೆ ಅದು ಲೈಸೆನ್ಸಿಲ್ಲದೆ ಆಮದು ಮಾಡಿದ ಬಂದೂಕು. ತರುವ ಮುಂಚೆಯೇ ಆಮದಿನ ಲೈಸೆನ್ಸ್ ಕೈಯಲ್ಲಿರಬೇಕು.